ಕಲಬುರಗಿಯಲ್ಲಿದ್ದುಕೊಂಡು ಡ್ರಮ್ ಅಂಡ್ ಬೇಸ್ ಗಾಯಕಿ ಆಗಬಹುದಾ?

ಪ್ರಶ್ನೆ: ನಾನು ಕಲಬುರಗಿಯವಳು, ಡಿಗ್ರಿ ಕೊನೆಯ ವರ್ಷ. ಚಿಕ್ಕಂದಿನಿಂದ ಹಿಂದೂಸ್ತಾನಿ ಕಲಿತಿದ್ದೇನೆ, ಈಗ ರಸಮಂಜರಿ ಕಾರ್ಯಕ್ರಮಗಳಲ್ಲಿ ಹಾಡುತ್ತೇನೆ. ಇತ್ತೀಚೆಗೆ ಡ್ರಮ್ ಅಂಡ್ ಬೇಸ್ ಅನ್ನುವ, ಬ್ರಿಟನ್ನಿನಲ್ಲಿ ಹುಟ್ಟಿದ ವೇಗದ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹಿಡಿದಿದೆ. ನಿಯಾ ಆರ್ಕೈವ್ಸ್, ಕೆನ್ಯಾ ಗ್ರೇಸ್‌ರಂಥ ಅಲ್ಲಿನ ಗಾಯಕಿಯರೆಲ್ಲ ಹೇಗೆ ಮೇಲೆ ಬಂದರು? ಇಲ್ಲಿಂದ ಅಂಥದ್ದು ಸಾಧ್ಯವಾ? ಬೆಂಗಳೂರಿಗೆ ಹೋಗಲೇಬೇಕಾ?

ಉತ್ತರ:

ಸಾಧ್ಯ ಇದೆ ತಂಗಿ. ಆದರೆ ಬೇರೆಯವರು ಮಾಡಿದ ಟ್ರ್ಯಾಕ್ ಮೇಲೆ ಬರೀ ಹಾಡಿ ಬರುತ್ತೇನೆ ಅಂದರೆ ಕಷ್ಟ. ನೀವು ಹೆಸರಿಸಿದ ಇಬ್ಬರೂ ಬರೀ ಹಾಡುವವರಲ್ಲ. ಹಾಡು ಬರೆಯುವವರು, ಬೀಟ್ ಕೂಡಿಸುವವರು. ನನ್ನ ಉತ್ತರವೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

ನನ್ನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಆರ್ಕೆಸ್ಟ್ರಾದಲ್ಲಿ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ನುಡಿಸುತ್ತಿದ್ದವನು. ಈಗ ಸೇಡಂ ರಸ್ತೆ ಕಡೆ ಮನೆ ಮಹಡಿಯ ಮೇಲೆ ಒಂದು ಸಣ್ಣ ರೆಕಾರ್ಡಿಂಗ್ ರೂಮು ಇಟ್ಟುಕೊಂಡಿದ್ದೇನೆ. ಬರುವುದು ಜಾಸ್ತಿ ಭಜನೆ, ಜಾನಪದ ಡಿಜೆ ಸಾಂಗು, ಚುನಾವಣೆ ಬಂದರೆ ಪ್ರಚಾರದ ಹಾಡು. ಡ್ರಮ್ ಅಂಡ್ ಬೇಸ್ ನನಗೆ ಒಂದು ರೂಪಾಯಿ ದುಡಿದು ಕೊಟ್ಟಿಲ್ಲ. ತಾಳದವನಾಗಿ ಅದರ ಬೆನ್ನು ಹತ್ತಿದ್ದೇನೆ, ಅಷ್ಟೆ.

ಮೊದಲು ಹಾಡುವ ವಿಷಯಕ್ಕೆ ಬರೋಣ. ಅಲ್ಲಿ ನಿಮಗೊಂದು ಅನುಕೂಲ ಇದೆ, ಅದು ನಿಮಗೇ ಗೊತ್ತಿಲ್ಲ ಅನ್ನಿಸುತ್ತದೆ. ಈ ಸಂಗೀತದ ವೇಗ ನಿಮಿಷಕ್ಕೆ 160ರಿಂದ 180 ಪೆಟ್ಟು. ಹೆಚ್ಚಿನ ಹಾಡುಗಳು 174ರ ಹತ್ತಿರ ನಿಲ್ಲುತ್ತವೆ. ಕೇಳಿದ ಕೂಡಲೇ ಹೊಸಬರು ಗಾಬರಿಯಾಗಿ ಆ ವೇಗಕ್ಕೇ ಹಾಡಲು ಹೋಗುತ್ತಾರೆ. ಮಾತು ತೊದಲುತ್ತದೆ, ಉಸಿರು ಸಾಲುವುದಿಲ್ಲ. ಚೆನ್ನಾಗಿ ಹಾಡುವವರು ಅದರ ಅರ್ಧಕ್ಕೆ, ಅಂದರೆ 87ಕ್ಕೆ ಹಾಡುತ್ತಾರೆ. ಠುಮ್ರಿಯ ಕೊನೆಗೆ ತಬಲಾದವರು ಲಗ್ಗಿಗೆ ಇಳಿಯುತ್ತಾರಲ್ಲ, ಹಾಗೆ. ಗಾಯಕಿ ಒಂದು ಸಾಲು ಹಿಡಿದು ನಿಧಾನಕ್ಕೆ ಎಳೆಯುತ್ತಿರುತ್ತಾಳೆ, ಕೆಳಗೆ ತಬಲಾ ಎರಡು ಪಟ್ಟು ವೇಗದ ದುಗುನ್‌ನಲ್ಲಿ ಓಡುತ್ತಿರುತ್ತದೆ. ಹಿಂದೂಸ್ತಾನಿ ಕಲಿತವರಿಗೆ ಇದನ್ನು ಕೂರಿಸಿ ಹೇಳಿಕೊಡಬೇಕಿಲ್ಲ.

ಲೆಕ್ಕ ಹಾಕಿ ನೋಡಿ. 174ರಲ್ಲಿ ನಾಲ್ಕು ಪೆಟ್ಟಿನ ಒಂದು ಬಾರ್ ಮುಗಿಯಲು ಸುಮಾರು 1.4 ಸೆಕೆಂಡು. ಅಂಥ ನಾಲ್ಕು ಬಾರ್‌ಗೆ ಐದೂವರೆ ಸೆಕೆಂಡು. ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಹೇಳಲು ಅಷ್ಟು ಸಾಕು. ಎಂಟು ಬಾರ್ ಅಂದರೆ 11 ಸೆಕೆಂಡು. ಅದನ್ನು ಒಂದೇ ಉಸಿರಿನಲ್ಲಿ ಎಳೆಯಲು ಗಟ್ಟಿ ಅಭ್ಯಾಸ ಬೇಕು, ಆಲಾಪ ಮಾಡಿದವರಿಗೆ ಅದು ಇರುತ್ತದೆ. ಮೊಬೈಲಿನಲ್ಲಿ ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಅನ್ನುವ ಆ್ಯಪ್) ಹಾಕಿಕೊಂಡು 87ಕ್ಕೆ ನಿಮಗೆ ಗೊತ್ತಿರುವ ಯಾವುದಾದರೂ ಭಜನೆ ಹಾಡಿ. ಆಮೇಲೆ 174ಕ್ಕೆ ಏರಿಸಿ, ಹಾಡನ್ನು ಮಾತ್ರ ಅಲುಗಿಸಬೇಡಿ. ಅದು ಕೂತಿತು ಅಂದರೆ ಅರ್ಧ ಕೆಲಸ ಆಯಿತು.

ಬೀಟು ಹೇಗಿರುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಹುಡುಗರು ಕೇಳಿದ ತಕ್ಷಣ ಕೈಚಪ್ಪಾಳೆ ತಪ್ಪಿಸುತ್ತಾರೆ. ಕಿಕ್, ಅಂದರೆ ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್ಮು, ಮೊದಲ ಪೆಟ್ಟಿಗೆ. ಸ್ನೇರ್, ಅಂದರೆ ಚುರುಕು ಸದ್ದಿನ ಸಣ್ಣ ಡ್ರಮ್ಮು, ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ. ಇನ್ನೊಂದು ಕಿಕ್ ಮೂರನೇ ಪೆಟ್ಟಿನ ಮೇಲೆ ಬೀಳದೆ ಅದು ದಾಟಿದ ಮೇಲೆ, ಮೂರಕ್ಕೂ ನಾಲ್ಕಕ್ಕೂ ನಡುವೆ ಬೀಳುತ್ತದೆ. ಆ ತಡವಾದ ಕಿಕ್ಕಿನಿಂದಲೇ ಮೈ ಮುಂದಕ್ಕೆ ತಳ್ಳಿದಂತಾಗುತ್ತದೆ. ಪ್ಯಾಡಿನ ಮೇಲೆ ಇದನ್ನು ನುಡಿಸಲು ಕುಳಿತರೆ ಬಲಗೈ ಸುಮ್ನೆ ಇರುವುದಿಲ್ಲ, ಮೂರಕ್ಕೇ ಹೊಡೆಯುತ್ತದೆ. ರೂಢಿ ಹಾಗೆ.

ಇನ್ನು ಗಂಟಲು. ರಸಮಂಜರಿಯಲ್ಲಿ ಮಾನಿಟರ್ ಸರಿ ಇರಲ್ಲ, ಪಕ್ಕದಲ್ಲೇ ಬ್ರಾಸ್ ಊದುತ್ತಿರುತ್ತಾರೆ, ಎದುರಿಗೆ ಜಾತ್ರೆಯ ಜನ. ಕೂಗಿ ಹಾಡುವುದು ರೂಢಿಯಾಗಿರುತ್ತದೆ. ಅದೇ ಧ್ವನಿಯನ್ನು ಇಲ್ಲಿ ತಂದರೆ ಕೇಳಲು ಹಿಂಸೆ. ಈಗಿನ ಹುಡುಗಿಯರು ಮೈಕಿನ ಹತ್ತಿರ ಬಾಯಿ ಇಟ್ಟು ಪಕ್ಕದಲ್ಲಿ ಕೂತವಳಿಗೆ ಹೇಳುವಂತೆ ಹಾಡುತ್ತಾರೆ. ಡ್ರಮ್ಮು, ಬೇಸು ಎರಡೂ ಆಗಲೇ ಅಷ್ಟು ಗದ್ದಲ ಮಾಡುತ್ತಿವೆ, ಮೂರನೆಯವರೂ ಕೂಗಿದರೆ ಯಾರದೂ ಕೇಳುವುದಿಲ್ಲ. ದೊಡ್ಡ ಧ್ವನಿಗೆ ಜಾಗವೇ ಇಲ್ಲ ಅಂತಲ್ಲ. 1994ರಲ್ಲಿ ಬ್ರಿಟನ್ನಿನ ಪ್ರೊಡ್ಯೂಸರ್ ಗೋಲ್ಡಿಯ ‘ಇನ್ನರ್ ಸಿಟಿ ಲೈಫ್’ ಹಾಡಿದ ಡಯಾನ್ ಶಾರ್ಲಮೇನ್ ಅವರದು ತುಂಬು ಕಂಠ. ಅದನ್ನು ಒಳ್ಳೆ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ. ಅಷ್ಟು ಓಡುವ ತಾಳದ ಮೇಲೆ ಅವರು ಎಷ್ಟು ಬಿಡುವಾಗಿ ನಿಂತಿದ್ದಾರೆ ನೋಡಿ.

ಅವರ ಕಥೆಯಲ್ಲೇ ನೀವು ಕೇಳಿದ ವೃತ್ತಿಯ ವಿಷಯವೂ ಇದೆ. ಹಾಡು ಇವತ್ತಿಗೂ ಈ ಸಂಗೀತದ ದೊಡ್ಡ ಹಾಡುಗಳಲ್ಲಿ ಒಂದು. ಗೋಲ್ಡಿ ಹೆಸರು ಎಲ್ಲರಿಗೂ ಗೊತ್ತು. 2015ರಲ್ಲಿ ತೀರಿಕೊಂಡ ಶಾರ್ಲಮೇನ್ ಹೆಸರು ಎಷ್ಟು ಜನಕ್ಕೆ ಗೊತ್ತು? 1997ರಲ್ಲಿ ಬ್ರಿಸ್ಟಲ್‌ನ ರೋನಿ ಸೈಜ್ ತಂಡಕ್ಕೆ, ಅಲ್ಲಿ ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಬಂತು. ಆ ತಂಡದಲ್ಲಿ ಹಾಡಿದವರು ಓನಲೀ ಅನ್ನುವವರು. ಪ್ರಶಸ್ತಿಯ ಸುದ್ದಿ ಗೊತ್ತಿರುವ ಜನರಿಗೂ ಆ ಹೆಸರು ನಾಲಿಗೆಗೆ ಬರುವುದಿಲ್ಲ. ಬಹಳ ಕಾಲ ಇಲ್ಲಿ ಗಾಯಕಿ ಅಂದರೆ ಟ್ರ್ಯಾಕ್ ಮಾಡಿದ ಪ್ರೊಡ್ಯೂಸರ್ ಹೆಸರಿನ ಪಕ್ಕ ‘ಫೀಚರಿಂಗ್’ ಅಂತ ಬರೆಯುವ ಒಂದು ಹೆಸರು, ಅಷ್ಟೆ.

ಹಾಗಂತ ಫೀಚರಿಂಗ್ ಅಂದರೆ ಕೆಟ್ಟದ್ದು ಅಂತ ನಾನು ಹೇಳಲ್ಲ. ಅದು ಏಣಿ. 2012ರಲ್ಲಿ ಡಿಜೆ ಫ್ರೆಶ್ ಜೊತೆ ರೀಟಾ ಓರಾ ಹಾಡಿದ್ದು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು, ಡ್ರಮ್ ಅಂಡ್ ಬೇಸ್ ಹಾಡೊಂದು ಆ ಜಾಗಕ್ಕೆ ಹೋದದ್ದು ಅದೇ ಮೊದಲು. ಅದೇ ವರ್ಷ ರುಡಿಮೆಂಟಲ್ ತಂಡಕ್ಕೆ ಹಾಡಿದ ಜಾನ್ ನ್ಯೂಮನ್ ಮರುವರ್ಷ ತಮ್ಮದೇ ಹಾಡಿನಿಂದ ನಂಬರ್ ಒನ್ ಆದರು. ಬೆಕಿ ಹಿಲ್ ಟಿವಿ ಸ್ಪರ್ಧೆಯಿಂದ ಬಂದವರು, ವರ್ಷಗಟ್ಟಲೆ ಬೇರೆಯವರ ಡಾನ್ಸ್ ಟ್ರ್ಯಾಕುಗಳಿಗೆ ಹಾಡಿದರು, ಬರೆದರು. 2022 ಮತ್ತು 2023ರಲ್ಲಿ ಡಾನ್ಸ್ ವಿಭಾಗದ ಬ್ರಿಟ್ ಪ್ರಶಸ್ತಿ ಅವರ ಹೆಸರಿಗೇ ಬಂತು. ಏಣಿ ಹತ್ತಿದವರು ಇದ್ದಾರೆ. ಏಣಿಯ ಮೇಲೇ ನಿಂತವರು ಅವರಿಗಿಂತ ಜಾಸ್ತಿ ಇದ್ದಾರೆ.

ಈಗ ನಿಮ್ಮ ಇಬ್ಬರಿಗೆ ಬರುತ್ತೇನೆ. ಮೂರನೆಯವರನ್ನೂ ಸೇರಿಸಿಕೊಳ್ಳುತ್ತೇನೆ, ಯಾಕೆಂದರೆ ಬಾಗಿಲು ತೆಗೆದದ್ದು ಅವರೇ: ಪಿಂಕ್‌ಪ್ಯಾಂಥ್ರೆಸ್. 2001ರಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಓದುತ್ತಿದ್ದಾಗ ಗ್ಯಾರೇಜ್‌ಬ್ಯಾಂಡ್ ಅನ್ನುವ, ಆಪಲ್ ಸಾಧನಗಳಲ್ಲಿ ಪುಕ್ಕಟೆ ಸಿಗುವ ಸಾಫ್ಟ್‌ವೇರಿನಲ್ಲಿ ಹಾಡು ಮಾಡುತ್ತಿದ್ದರು. ತೊಂಬತ್ತರ ದಶಕದ ಹಳೆ ಡ್ರಮ್ ತುಣುಕುಗಳ ಮೇಲೆ ಸಣ್ಣ ಧ್ವನಿಯಲ್ಲಿ ಹಾಡಿ, ಚೂರು ಚೂರನ್ನೇ ಟಿಕ್‌ಟಾಕ್‌ಗೆ ಹಾಕಿದರು. ಎಷ್ಟೋ ಹಾಡುಗಳು ಎರಡು ನಿಮಿಷವೂ ಇಲ್ಲ. ಜನ ಹಿಡಿದುಕೊಂಡರು. ಬಿಬಿಸಿ ವರ್ಷದ ಹೊಸ ಧ್ವನಿ ಅಂತ 2022ಕ್ಕೆ ಆರಿಸಿದ್ದು ಅವರನ್ನೇ.

ನಿಯಾ ಆರ್ಕೈವ್ಸ್ ದಾರಿ ಬೇರೆ. ಬ್ರಾಡ್‌ಫರ್ಡ್ ಕಡೆಯವರು, ಜಮೈಕಾ ಮೂಲದ ಮನೆತನ. ಜಂಗಲ್ ಅನ್ನುವ, ಡ್ರಮ್ ಅಂಡ್ ಬೇಸ್‌ಗಿಂತ ಹಳೆಯ ಒರಟು ಶೈಲಿಯನ್ನು ಹಿಡಿದರು. ತಾವೇ ಬೀಟ್ ಮಾಡಿ, ತಾವೇ ಹಾಡಿ, ಡಿಜೆಯಾಗಿಯೂ ನಿಂತರು. 2021ರ ಮೊದಲ ಇಪಿಯನ್ನು (ಕೆಲವೇ ಹಾಡಿನ ಸಣ್ಣ ಆಲ್ಬಂ) ಸ್ವಂತ ಲೇಬಲ್ ಮಾಡಿಕೊಂಡು ಬಿಟ್ಟರು. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಕಪ್ಪುಜನರ ಸಂಗೀತಕ್ಕೆ ಕೊಡುವ ಮೋಬೋ ಪ್ರಶಸ್ತಿಯಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆ ವಿಭಾಗವೇ ಇರಲಿಲ್ಲ. ಇದೇಕೆ ಹೀಗೆ ಅಂತ ಬಹಿರಂಗವಾಗಿ ಪತ್ರ ಬರೆದರು. 2022ರಲ್ಲಿ ವಿಭಾಗ ಬಂತು, ಪ್ರಶಸ್ತಿಯೂ ಅವರಿಗೇ ಬಂತು! 2024ರಲ್ಲಿ ಮೊದಲ ಆಲ್ಬಂ, ಅದು ಮರ್ಕ್ಯುರಿ ಪ್ರಶಸ್ತಿಯ ಕೊನೆಯ ಪಟ್ಟಿಗೆ ಹೋಯಿತು.

ಕೆನ್ಯಾ ಗ್ರೇಸ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, ಬೆಳೆದದ್ದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ. 2023ರ ಅಕ್ಟೋಬರಿನಲ್ಲಿ ಅವರ ‘ಸ್ಟ್ರೇಂಜರ್ಸ್’ ಹಾಡು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಬರೆದದ್ದು, ಹಾಡಿದ್ದು, ಪ್ರೊಡ್ಯೂಸ್ ಮಾಡಿದ್ದು ಒಬ್ಬರೇ. ಹಾಗೆ ಪೂರ್ತಿ ಒಬ್ಬಳೇ ಮಾಡಿದ ಹಾಡಿನಿಂದ ಆ ಪಟ್ಟಿಯ ತುದಿಗೆ ಹೋದ ಹೆಂಗಸರಲ್ಲಿ ಅವರು ಎರಡನೆಯವರು. ಮೊದಲನೆಯವರು ಕೇಟ್ ಬುಷ್. ಇದರ ಪೂರ್ತಿ ಅರ್ಥ ತಿಳಿಯಬೇಕಾದರೆ ದುಡ್ಡಿನ ಕಡೆಯಿಂದ ನೋಡಬೇಕು. ಸಾಹಿತ್ಯದ ಪಾಲು, ರಾಗದ ಪಾಲು, ಪ್ರೊಡ್ಯೂಸ್ ಮಾಡಿದವರ ಪಾಲು, ಹಾಡಿದವರ ಪಾಲು, ನಾಲ್ಕನ್ನೂ ಹಂಚಿಕೊಳ್ಳಲು ಕೂತಾಗ ಮೇಜಿನ ಈ ಕಡೆ ಅವರೊಬ್ಬರೇ.

ಮೂವರೂ ಗಂಟಲಿನ ಜೊತೆಗೆ ಕೈಯಲ್ಲೂ ಒಂದು ಕೆಲಸ ಕಲಿತವರು. ಅದಕ್ಕೇ ಮೇಲೆ ಬಂದ ಮೇಲೂ ಉಳಿದಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಪಾಡು ನಿಮಗೆ ಗೊತ್ತೇ ಇದೆ. ಜಾನಪದ ಡಿಜೆ ಸಾಂಗಿಗೆ ಲಕ್ಷಗಟ್ಟಲೆ ವ್ಯೂಸ್ ಬರುತ್ತವೆ. ಹಾಡಿದವರಿಗೆ ರೆಕಾರ್ಡಿಂಗ್ ದಿನ ಒಂದಿಷ್ಟು ಕೈಗೆ ಕೊಟ್ಟು, ಒಂದು ಊಟ ಹಾಕಿಸಿ ಕಳಿಸುತ್ತಾರೆ. ಆಮೇಲಿನದೆಲ್ಲ ಚಾನೆಲ್ಲಿನವರಿಗೆ. ನನ್ನ ರೂಮಿನಲ್ಲೇ ಹಾಡಿದ ಒಬ್ಬ ಹುಡುಗಿಯ ಧ್ವನಿ ಮುಂದೆ ಇನ್ನೂ ಎಷ್ಟೋ ರೀಮಿಕ್ಸ್‌ಗಳಲ್ಲಿ ಬಂತು. ಅವಳಿಗೆ ಹೇಳಲೂ ಇಲ್ಲ, ಕೇಳಲೂ ಇಲ್ಲ. ಕೇಳೋಣ ಅಂದರೆ ಕಾಗದವೇ ಇರಲಿಲ್ಲ.

ಡ್ರಮ್ ಅಂಡ್ ಬೇಸ್ ಹುಟ್ಟಿನಲ್ಲೇ ಇಂಥದ್ದೊಂದು ಕಥೆ ಇದೆ. ಪ್ಯಾಡ್ ನುಡಿಸುವವನಾಗಿ ನನಗದು ಹೊಟ್ಟೆ ಉರಿಸುವ ಕಥೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡ ಒಂದು ರೆಕಾರ್ಡ್ ತಂದಿತು. ಅದರ ಹಿಂಬದಿಯ ಹಾಡು ‘ಆಮೆನ್, ಬ್ರದರ್’. ನಡುವೆ ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಬ್ಬರೇ ಆರೇಳು ಸೆಕೆಂಡು ನುಡಿಸುತ್ತಾರೆ. ಆ ಚೂರನ್ನು ಲಂಡನ್ನಿನ ಹುಡುಗರು ತೊಂಬತ್ತರ ದಶಕದಲ್ಲಿ ಸ್ಯಾಂಪ್ಲರಿಗೆ (ಸದ್ದಿನ ತುಣುಕು ಹಿಡಿದಿಟ್ಟು ನುಡಿಸುವ ಯಂತ್ರ) ಹಾಕಿ, ವೇಗ ಏರಿಸಿ, ಕತ್ತರಿಸಿ ಜೋಡಿಸಿದರು. ಜಂಗಲ್, ಡ್ರಮ್ ಅಂಡ್ ಬೇಸ್ ಎರಡಕ್ಕೂ ಅದೇ ಬುನಾದಿ. ಸಾವಿರಾರು ಹಾಡುಗಳಲ್ಲಿ ಅದು ಇದೆ. ಕೋಲ್ಮನ್‌ಗೆ ಒಂದು ಪೈಸೆ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವರಿಗೆ ಮನೆಯೂ ಇರಲಿಲ್ಲ. 2015ರಲ್ಲಿ ಕೆಲವರು ನಾಚಿಕೆಪಟ್ಟು ಚಂದಾ ಎತ್ತಿ, ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್ ಅವರಿಗೆ ಸುಮಾರು 24,000 ಪೌಂಡ್ ಕೊಟ್ಟರು. ಅಷ್ಟೇ.

ಆದ್ದರಿಂದ ಕಾಗದದ ವಿಷಯ ಗಮನವಿಟ್ಟು ಓದಿ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಸಾಹಿತ್ಯ ಬರೆದವರು, ರಾಗ ಹಾಕಿದವರು ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟರೂ ರಾಯಲ್ಟಿಯಲ್ಲಿ ತಮ್ಮ ಪಾಲನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿ ಹಕ್ಕು ಬಂತು. ಹಕ್ಕು ಬರೆದುಕೊಡುವುದು ಲಿಖಿತವಾಗಿಯೇ ಆಗಬೇಕು, ಬಾಯಿಮಾತಿಗೆ ಬೆಲೆ ಇಲ್ಲ. ಕರಾರಿನಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ‘ಶಾಶ್ವತವಾಗಿ, ಇಡೀ ಜಗತ್ತಿಗೆ’ ಅನ್ನುವ ಸಾಲು ಕಂಡರೆ ಪೆನ್ನು ಕೆಳಗಿಡಿ. ಹಾಡು ಬರೆಯಲು, ರಾಗ ಹಾಕಲು ಶುರು ಮಾಡಿದ ಮೇಲೆ ಐಪಿಆರ್‌ಎಸ್ ಸದಸ್ಯತ್ವ ಮಾಡಿಸಿ. ಬರೆದವರ, ರಾಗ ಹಾಕಿದವರ ಪಾಲನ್ನು ವಸೂಲಿ ಮಾಡುವ ಸಂಸ್ಥೆ ಅದು.

ಏನು ಹಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಅವರಂತೆ ಹಾಡುವ ಹುಡುಗಿಯರು ಲಂಡನ್ನಿನಲ್ಲೇ ಬೇಕಾದಷ್ಟು ಇದ್ದಾರೆ. ಕನ್ನಡದಲ್ಲಿ ಹಾಡಿ. ಇಲ್ಲವೇ ನಮ್ಮ ಓಣಿಯ ದಖನಿ ಬರುತ್ತಿದ್ದರೆ ಅದರಲ್ಲಿ ಹಾಡಿ. ಕನ್ನಡದ ದೀರ್ಘಾಕ್ಷರಗಳು 87ರ ನಡೆಗೆ ಸಲೀಸಾಗಿ ಕೂರುತ್ತವೆ. ಒಂದೇ ಎಚ್ಚರ, ಸ, ಶ, ಚ ತುಂಬಿದ ಸಾಲು ಬರೆಯಬೇಡಿ. ಡ್ರಮ್ ಸೆಟ್ಟಿನಲ್ಲಿ ತಾಳದಂತಿರುವ ಹೈಹ್ಯಾಟ್ ಸದ್ದು ಇರುವ ಜಾಗದಲ್ಲೇ ಈ ಅಕ್ಷರಗಳ ಸೀಟಿಯೂ ಇರುತ್ತದೆ, ಎರಡೂ ಸೇರಿ ಕಿವಿ ಚುಚ್ಚುತ್ತವೆ.

ನಮ್ಮ ಜಿಲ್ಲೆಯಲ್ಲಿ ಸರಕಿಗೆ ಬರ ಇಲ್ಲ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಬಾರಿಸುವ ಹಲಗೆ ಕೇಳಿ, ಅದರ ಒಳಪೆಟ್ಟುಗಳನ್ನು ಎಣಿಸಿ ನೋಡಿ. ಕಡಕೋಳ ಮಡಿವಾಳಪ್ಪನವರ ತತ್ವಪದಗಳಿವೆ. ಅವರು 19ನೇ ಶತಮಾನದವರು, ಆ ಪದಗಳ ಮೇಲೆ ಯಾರದೂ ಕಾಪಿರೈಟ್ ಇಲ್ಲ. ಆದರೆ ಇವತ್ತಿನ ಒಬ್ಬರು ಹಾಡಿ ರೆಕಾರ್ಡ್ ಮಾಡಿದ್ದನ್ನು ಯೂಟ್ಯೂಬಿನಿಂದ ಎತ್ತಿಕೊಂಡರೆ ಆ ರೆಕಾರ್ಡಿಂಗಿಗೆ ಹಕ್ಕು ಇದೆ. ಹಲಗೆಯವರನ್ನು ಕರೆದು ನುಡಿಸಿಕೊಂಡರೆ ದುಡ್ಡು ಕೊಡಿ, ಹೆಸರು ಹಾಕಿ, ಅವರಿಗೂ ಒಂದು ಕಾಗದ ಕೊಡಿ. ಕೋಲ್ಮನ್ ಕಥೆ ಇಲ್ಲಿ ಮತ್ತೆ ಆಗೋದು ಬೇಡ. ನಮ್ಮ ವಾದ್ಯವನ್ನು ಈ ಸಂಗೀತಕ್ಕೆ ಸೇರಿಸುವುದು ಹೊಸದೇನಲ್ಲ, ತಬಲಾವನ್ನು ಹೀಗೆ ಕೂಡಿಸಿದ ತಲ್ವಿನ್ ಸಿಂಗ್ ಅವರಿಗೆ 1999ರಲ್ಲೇ ಮರ್ಕ್ಯುರಿ ಪ್ರಶಸ್ತಿ ಬಂದಿದೆ.

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಲ್ಯಾಪ್‌ಟಾಪು, ಒಂದು ಸೌಂಡ್ ಕಾರ್ಡು, ಒಂದು ಕಂಡೆನ್ಸರ್ ಮೈಕು, ಕಿವಿ ಮುಚ್ಚುವ ಹೆಡ್‌ಫೋನು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಮೊಬೈಲಿನಲ್ಲೇ ಬ್ಯಾಂಡ್‌ಲ್ಯಾಬ್ ಪುಕ್ಕಟೆ ಸಿಗುತ್ತದೆ, ಕಲಿಯಲು ಅದು ಸಾಕು. ಗೋಡೆಗೆ ಅಂಟಿಸುವ ಸ್ಪಂಜಿಗೆ ದುಡ್ಡು ಸುರಿಯುವ ಬದಲು ಅಜ್ಜಿ ಹೊಲಿದ ಕೌದಿಗಳನ್ನು ಬೆನ್ನ ಹಿಂದೆ ಎರಡು, ಪಕ್ಕಕ್ಕೆ ಒಂದೊಂದು ತೂಗುಹಾಕಿ. ನಮ್ಮ ಊರಿನ ಬಿಸಿಲಿಗೆ ಮಧ್ಯಾಹ್ನ ಫ್ಯಾನ್ ಆರಿಸಿ ಹಾಡಲು ಆಗುವುದಿಲ್ಲ, ಫ್ಯಾನ್ ಹಾಕಿದರೆ ಮೈಕಿಗೆ ಬರುತ್ತದೆ. ಬೆಳಗಿನ ಜಾವ ರೆಕಾರ್ಡ್ ಮಾಡಿ. ಬೇಸ್ ಕೇಳಲು ಮಾತ್ರ ಮೊಬೈಲ್ ಸ್ಪೀಕರ್ ನಂಬಬೇಡಿ. ಈ ಸಂಗೀತದ ಬೇಸ್ 40ರಿಂದ 60 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ, ಮೊಬೈಲು ಅದನ್ನು ಹೊರಡಿಸುವುದೇ ಇಲ್ಲ. ಆದರೆ ಕೇಳುಗರು ನಿಮ್ಮನ್ನು ಮೊದಲು ಕೇಳುವುದು ಮೊಬೈಲಿನಲ್ಲೇ! ಅಲ್ಲಿ ಬೇಸ್ ಮಾಯ, ಉಳಿಯುವುದು ಸ್ನೇರು ಮತ್ತು ನಿಮ್ಮ ಧ್ವನಿ. ಈ ಕಾಲದಲ್ಲಿ ಗಾಯಕಿಯರಿಗೆ ಬೆಲೆ ಬಂದದ್ದು ಸ್ವಲ್ಪ ಈ ಕಾರಣಕ್ಕೂ ಇರಬಹುದು ಅಂತ ನನ್ನ ಊಹೆ.

ಟಿಕ್‌ಟಾಕ್ ನಮ್ಮಲ್ಲಿ 2020ರ ಜೂನಿನಲ್ಲೇ ನಿಂತಿದೆ. ರೀಲ್ಸ್, ಶಾರ್ಟ್ಸ್ ಇವೆ. 174ರಲ್ಲಿ 16 ಬಾರ್ ಅಂದರೆ 22 ಸೆಕೆಂಡು, ಒಂದು ರೀಲಿಗೆ ಹೇಳಿ ಮಾಡಿಸಿದ ಅಳತೆ. ಡ್ರಾಪ್ ಅಂದರೆ ಡ್ರಮ್ಮು, ಬೇಸು ಒಟ್ಟಿಗೆ ಶುರುವಾಗುವ ಜಾಗ, ಅದಕ್ಕೆ ಮುಂಚಿನ ಎಂಟು ಬಾರಿನಲ್ಲಿ ಧ್ವನಿ, ಆಮೇಲಿನ ಎಂಟರಲ್ಲಿ ಡ್ರಮ್. ಅಷ್ಟನ್ನೇ ಹಾಕಿ. ಹಿಡಿಸಿದರೆ ಜನ ಪೂರ್ತಿ ಹಾಡು ಕೇಳುತ್ತಾರೆ, ಆಗ ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಮೂಲಕ ನಿಮ್ಮ ಹೆಸರಿನಲ್ಲೇ ಬಿಡಿ. ಬೇರೆಯವರ ಚಾನೆಲ್ಲಿಗೆ ಕೊಡಬೇಡಿ.

ಬೆಂಗಳೂರಿನ ಮಾತು. ಈಗಲೇ ಬೇಡ. ಕೈಯಲ್ಲಿ ನಿಮ್ಮದೇ ನಾಲ್ಕೈದು ಹಾಡಿಲ್ಲದೆ ಹೋದರೆ ಅಲ್ಲಿಯೂ ಕವರ್ ಹಾಡುವ ಕೆಲಸವೇ ಸಿಗುವುದು, ಮೇಲೆ ಬಾಡಿಗೆ ಬೇರೆ. ನಮಗೆ ಹೈದರಾಬಾದು ಬೆಂಗಳೂರಿಗಿಂತ ಹತ್ತಿರ. ರೈಲು ಹತ್ತಿದರೆ ಪುಣೆ, ಮುಂಬೈಯೂ ಇವೆ. ಕಾರ್ಯಕ್ರಮ ಸಿಕ್ಕರೆ ಹೋಗಿ ಹಾಡಿ ಬನ್ನಿ, ಮನೆ ಇಲ್ಲೇ ಇರಲಿ. ಕಲಬುರಗಿಯಲ್ಲಿ ಕ್ಲಬ್ ಸಂಸ್ಕೃತಿ ಇಲ್ಲ ನಿಜ. ಕಾಲೇಜು ಫೆಸ್ಟ್‌ಗಳಿವೆ, ಅಲ್ಲಿ ಒಂದು ಅರ್ಧ ಗಂಟೆ ಕೇಳಿ ನೋಡಿ. ಬಯಲಲ್ಲಿ ಮಾಡುವುದಾದರೆ ರಾತ್ರಿ 10 ಗಂಟೆಗೆ ಮೈಕು ಬಂದ್ ಅನ್ನುವುದು 2000ರ ಶಬ್ದ ಮಾಲಿನ್ಯ ನಿಯಮ, ಪೊಲೀಸರ ಜೊತೆ ವಾದಕ್ಕೆ ಹೋಗಬೇಡಿ. ರಸಮಂಜರಿ ಬಿಡಿ ಅಂತಲೂ ಹೇಳಲ್ಲ. ಲ್ಯಾಪ್‌ಟಾಪಿನ ಕಂತು ಅದರಿಂದಲೇ ಹೋಗಬೇಕಲ್ವಾ?

ಕಿವಿ ಕಾಪಾಡಿಕೊಳ್ಳಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಅಂತ ಒಂದು ಅಳತೆ ಇದೆ. ಪ್ರತಿ ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ ಕಾಲು ಗಂಟೆ. ಗಣಪತಿ ಮೆರವಣಿಗೆಯ ಬೇಸ್ ಬಾಕ್ಸಿನ ಮುಂದೆ ಹುಡುಗರು ರಾತ್ರಿಯಿಡೀ ನಿಲ್ಲುತ್ತಾರೆ. ನನ್ನ ಜೊತೆಯ ಪ್ಯಾಡಿನವರಲ್ಲಿ ಕೆಲವರಿಗೆ ಈಗ ಮಗ್ಗುಲಲ್ಲಿ ಕೂತು ಮಾತಾಡಿದರೂ ಕೇಳಿಸುವುದಿಲ್ಲ. ಇಯರ್ ಪ್ಲಗ್ ಹಾಕಿಕೊಂಡೇ ಸ್ಟೇಜ್ ಹತ್ತಿ.

ಮನೆಯಲ್ಲಿ ಏನಂತಾರೆ ಅಂತ ನೀವು ಬರೆದಿಲ್ಲ. ರಸಮಂಜರಿಗೆ ಕಳಿಸುವವರು ಇದಕ್ಕೆ ಬೇಡ ಅನ್ನಲಾರರು, ಇದು ಮನೆಯಲ್ಲೇ ಕೂತು ಮಾಡುವ ಕೆಲಸ.

ಮುಂದಿನ ತಿಂಗಳಲ್ಲಿ ಒಂದು ಹಾಡು ಮುಗಿಸಿ. ಸಾಹಿತ್ಯ, ರಾಗ ನಿಮ್ಮದೇ ಇರಲಿ, ಬೀಟು ಎಷ್ಟೇ ಕಚ್ಚಾ ಇದ್ದರೂ ಅದೂ ನಿಮ್ಮದೇ ಇರಲಿ. ಲಿಂಕನ್ನು ಇಲ್ಲೇ ಕಾಮೆಂಟಿನಲ್ಲಿ ಹಾಕಿದರೆ ಕೇಳಿ ಹೇಳುತ್ತೇನೆ, ದುಡ್ಡೇನೂ ಬೇಡ. ಧ್ವನಿಯನ್ನು ಮಾತ್ರ ಬೇರೆ ಫೈಲಾಗಿ ಇಡಿ, ರಿವರ್ಬು, ಎಕೋ ಏನೂ ಹಾಕದೆ. ಎಕೋ ಒಳಗೆ ಶ್ರುತಿ ತಪ್ಪಿದ್ದು ಕಾಣಲ್ಲ.